ಅಂಟಿಗೆ-ಪಂಟಿಗೆ: ಜನಪ್ರಿಯ ಸಂಗೀತ ತೀರಿಸಬೇಕಾದ ಋಣ

ಕನ್ನಡನಾಡಿನ ಜನರು ವಿಶೇಷ ಓದಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು 9ನೆಯ ಶತಮಾನದ ಕವಿರಾಜಮಾರ್ಗವು ಕೊಂಡಾಡಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಂಟಿಗೆ-ಪಂಟಿಗೆಯ ಹಾಡುಗಾರರು ಆ ಮಾತಿಗೆ ಇಂದಿಗೂ ಸಾಕ್ಷಿಯಾಗಿದ್ದಾರೆ. ಆದರೆ ಕನ್ನಡದ ಜನಪ್ರಿಯ ಸಂಗೀತವು ಜನಪದದಿಂದ ಪಡೆದುದರ ಬಗ್ಗೆ ಚರ್ಚೆ ನಡೆಯುವಾಗ ಈ ಹಾಡುಗಳ ಹೆಸರು ಕೇಳಿಬರುವುದು ವಿರಳ. ಇದು ಮಲೆನಾಡಿನ ಹಾಡಿನ ಬಡತನವಲ್ಲ. ಜನಪ್ರಿಯ ಸಂಗೀತವು ಏನನ್ನು ಆಯ್ದುಕೊಳ್ಳುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದರ ಸೂಚನೆ.

ದೀಪಾವಳಿಯ ಬಲಿಪಾಡ್ಯಮಿಯ ರಾತ್ರಿ ಊರ ದೇವರ ಮುಂದೆ ಹೊತ್ತಿಸಿದ ದೀಪವನ್ನು ಹಿಡಿದು ಹಾಡುಗಾರರ ತಂಡವು ಮನೆಯಿಂದ ಮನೆಗೆ ನಡೆಯುತ್ತದೆ. ಮುಮ್ಮೇಳದವರು ಹೇಳಿದ ಸಾಲನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ವಾದ್ಯದ ಆಸರೆಯಿಲ್ಲ, ಕಂಠವೇ ಆಧಾರ. ಬಾಗಿಲು ತೆರೆಯುವಂತೆ ಕೇಳುವ ಪದ, ಜ್ಯೋತಿಯನ್ನು ಹೊಗಳುವ ಪದ, ಬಲೀಂದ್ರನ ಕಥೆ, ಮನೆಯವರನ್ನು ಹರಸುವ ಪದ ಇವೆಲ್ಲಕ್ಕೂ ಅದರದರ ಹೊತ್ತು ಮತ್ತು ಜಾಗ ಉಂಟು. ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ಕಾಣಿಕೆಗಳನ್ನು ಕೊಟ್ಟು ಕಳುಹುತ್ತಾರೆ. ಇಲ್ಲಿ ಹಾಡು ಕೇಳುಗನ ಮನರಂಜನೆಗಾಗಿ ಹುಟ್ಟಿದ್ದಲ್ಲ. ಒಂದು ಮನೆಯ ಬೆಳಕನ್ನು ಇನ್ನೊಂದು ಮನೆಗೆ ಮುಟ್ಟಿಸುವ ಕಾರ್ಯದ ಅಂಗ.

ಈ ಸೀಮೆಯ ಕಂಠಗಳು ಜನಪ್ರಿಯ ಸಂಗೀತಕ್ಕೆ ಸಲ್ಲಲಿಲ್ಲವೆಂದಲ್ಲ. ಹೊಸನಗರ ತಾಲ್ಲೂಕಿನ ನಗರದಲ್ಲಿ ಜನಿಸಿದ ಶಿವಮೊಗ್ಗ ಸುಬ್ಬಣ್ಣನವರು 1979ರ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಪಡೆದರು. ಆ ಹಾಡು ಚಂದ್ರಶೇಖರ ಕಂಬಾರರದು. ಅದರ ನುಡಿಗಟ್ಟು ಬೆಳಗಾವಿ ಸೀಮೆಯ ಜನಪದದ್ದು. ಮಲೆನಾಡಿನ ಕಂಠವು ಬಯಲುಸೀಮೆಯ ಹಾಡಿನಿಂದ ನಾಡಿಗೆ ಪರಿಚಿತವಾಯಿತು. ಇದರಲ್ಲಿ ಕೊರತೆಯೇನೂ ಇಲ್ಲ. ಕೊಡು-ಕೊಳ್ಳುವಿಕೆಯಿಂದಲೇ ಸಂಗೀತ ಬೆಳೆಯುತ್ತದೆ. ಆದರೆ ಡೊಳ್ಳಿನ ಗತ್ತು, ಲಾವಣಿಯ ಬಿರುಸು ವೇದಿಕೆಗೆ ಒಗ್ಗಿದಷ್ಟು ಸುಲಭವಾಗಿ, ನಡುರಾತ್ರಿ ಹೊಸ್ತಿಲಲ್ಲಿ ನಿಂತು ನಿಧಾನವಾಗಿ ಬೆಳೆಸುವ ಹಾಡು ಒಗ್ಗುವುದಿಲ್ಲ.

ಒಗ್ಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೆಕ್ಸಿಕೋದ ನಿದರ್ಶನವಿದೆ. ವೆರಾಕ್ರೂಸ್ ಪ್ರದೇಶದ ‘ಲಾ ಬಾಂಬಾ’ ಹಳ್ಳಿಯ ಫಂಡಾಂಗೋ ಕೂಟಗಳಲ್ಲಿ ಮರದ ಹಲಗೆಯ ಮೇಲೆ ಕುಣಿಯುತ್ತ ಹಾಡುವ ಪದ. ಹಾಡುವವರು ಸಂದರ್ಭಕ್ಕೆ ತಕ್ಕಂತೆ ನುಡಿ ಸೇರಿಸುತ್ತಿದ್ದರು. 1958ರಲ್ಲಿ ರಿಚಿ ವ್ಯಾಲೆನ್ಸ್ ಅದನ್ನು ರಾಕ್ ಅಂಡ್ ರೋಲ್ ಶೈಲಿಯಲ್ಲಿ ಧ್ವನಿಮುದ್ರಿಸಿದನು. 1987ರಲ್ಲಿ ಲಾಸ್ ಲೋಬೋಸ್ ತಂಡದ ಹಾಡುಗಾರಿಕೆ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಜಗತ್ತು ಕೆಲವೇ ನುಡಿಗಳನ್ನು ಕಂಠಪಾಠ ಮಾಡಿತು, ಕೂಟವನ್ನು ಅರಿಯಲಿಲ್ಲ. ವೆರಾಕ್ರೂಸ್‌ನಲ್ಲಿ ಫಂಡಾಂಗೋ ಮತ್ತೆ ಚೇತರಿಸಿಕೊಂಡದ್ದು ಈ ಖ್ಯಾತಿಯಿಂದಲ್ಲ. 1977ರಲ್ಲಿ ಆರಂಭವಾದ ‘ಮೋನೋ ಬ್ಲಾಂಕೋ’ದಂತಹ ತಂಡಗಳು ಹಿರಿಯ ಹಾಡುಗಾರರ ಬಳಿಗೆ ಹೋಗಿ, ಎಳೆಯರಿಗೆ ಕಲಿಸಿ, ಕೂಟವನ್ನೇ ಮರಳಿ ಕಟ್ಟಿದ್ದರಿಂದ.

ಮಲೆನಾಡಿಗೆ ಈ ಪಾಠ ಹೆಚ್ಚು ಅಗತ್ಯ. ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು 1960ರ ದಶಕದಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳನ್ನು ಮುಳುಗಿಸಿತು. ದೀಪ ನಡೆದುಹೋಗುವ ದಾರಿಯೇ ನೀರಿನಡಿ ಸೇರಿದ ಮೇಲೆ ಚದುರಿದ ಕುಟುಂಬಗಳ ನೆನಪಿನಲ್ಲಿ ಪದಗಳು ಉಳಿಯಬಹುದು. ಅವುಗಳ ಸಂದರ್ಭ ಉಳಿಯುವುದು ಕಷ್ಟ. ಉಳಿದ ಊರುಗಳ ತರುಣರು ಉದ್ಯೋಗಕ್ಕಾಗಿ ನಗರ ಸೇರುತ್ತಿದ್ದಾರೆ. ಇಂತಹ ಹೊತ್ತಿನಲ್ಲಿ ನಾಲ್ಕು ನಿಮಿಷಕ್ಕೆ ಕತ್ತರಿಸಿ, ಕೀಬೋರ್ಡು ಸೇರಿಸಿದ ಅಂಟಿಗೆ-ಪಂಟಿಗೆಯ ಧಾಟಿಯನ್ನು ಸಂರಕ್ಷಣೆಯೆಂದು ಕರೆಯುವುದು ಆತ್ಮವಂಚನೆಯಾದೀತು.

ಹಾಗೆಂದು ಜನಪ್ರಿಯ ಸಂಗೀತಕ್ಕೆ ಬಾಗಿಲು ಮುಚ್ಚಬೇಕಾಗಿಲ್ಲ. ಬಾಗಿಲು ತೆರೆಯಿರೆಂದು ಕೇಳುವ ಹಾಡಿನ ಹೆಸರಿನಲ್ಲಿ ಬಾಗಿಲು ಮುಚ್ಚುವುದು ಸಲ್ಲದು. ಆದರೆ ಎರವಲಿಗೆ ಋಣವುಂಟು. ಕೃತಿಕಾರನ ಸ್ಥಾನದಲ್ಲಿ ‘ಜಾನಪದ’ ಎಂಬ ಒಂದೇ ಪದ ಬರೆದರೆ ಆ ಋಣ ತೀರದು. ಯಾವ ಊರು, ಯಾವ ಸಮುದಾಯ, ಯಾರ ಕಂಠ, ಯಾವ ಸಂದರ್ಭ ಎಂಬುದನ್ನು ಹೇಳಬೇಕು. ಗಳಿಕೆಯಲ್ಲಿ ಹಾಡುಗಾರರಿಗೂ ಪಾಲು ಸಲ್ಲಬೇಕು. ಸಂಶೋಧಕರು ಪದಗಳ ಪಠ್ಯವನ್ನಷ್ಟೇ ಸಂಗ್ರಹಿಸದೆ, ದೀಪ ಹೊರಡುವಲ್ಲಿಂದ ಮರಳುವವರೆಗಿನ ಇಡೀ ರಾತ್ರಿಯನ್ನು ದಾಖಲಿಸಬೇಕು. ಅಂಟಿಗೆ-ಪಂಟಿಗೆಯ ಮನೆಯವರು ಬಂದ ದೀಪಕ್ಕೆ ಎಣ್ಣೆ ಎರೆಯದೆ ಕಳುಹಿದ್ದಿಲ್ಲ. ಹಾಡನ್ನು ಪಡೆಯುವವರು ಪಾಲಿಸಬೇಕಾದ ನಿಯಮವೂ ಅದೇ.