ಸೊಸೆಯೊಬ್ಬಳನ್ನೇ ದೂರಬೇಡಿ

ಮದುವೆಯಾಗಿ ಮೂರು ವರ್ಷವಾದರೂ ತೊಟ್ಟಿಲು ಕಟ್ಟದಿದ್ದರೆ ಧಾರವಾಡದ ಬಳಿಯ ನಮ್ಮ ಸತ್ತೂರ ಸೀಮೆಯಲ್ಲಿ ಹರಕೆ ಸೊಸೆಗೆ, ಉಪವಾಸ ಸೊಸೆಗೆ, ಸ್ಕ್ಯಾನಿಂಗೂ ಸೊಸೆಗೇ. ಗಂಡ ಹತ್ತಿಗೆ, ಮೆಣಸಿನಗಿಡಕ್ಕೆ ಎಣ್ಣಿ, ಅಂದರೆ ಕೀಟನಾಶಕ, ಹೊಡೆದು ಅದೇ ಅಂಗಿಯಲ್ಲಿ ಬುತ್ತಿ ಬಿಚ್ಚುತ್ತಾನೆ. ಅವನನ್ನು ಯಾರೂ ಏನೂ ಕೇಳುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನಲ್ಲೂ ತೊಂದರೆ ಇರುತ್ತದೆಂದು ವೈದ್ಯರು ಎಂದೋ ಹೇಳಿದ್ದಾರೆ!

ಆ ತೊಂದರೆಗೂ ಎಣ್ಣಿಗೂ ನಂಟಿರಬಹುದೇ ಎಂದು ಕೇಳುವವರು ಕಾಸರಗೋಡಿನ ಪಡ್ರೆಯನ್ನು ನೆನೆಯಿರಿ. ಕನ್ನಡ, ತುಳು ಆಡುವ ಊರು. ಅಲ್ಲಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಹುಡುಗರನ್ನು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿದರು. ಹತ್ತರಿಂದ ಹತ್ತೊಂಬತ್ತರ ಪ್ರಾಯ. ಪಡ್ರೆಯವರಲ್ಲಿ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಕಡಿಮೆಯಿತ್ತು, ಪ್ರಾಯಕ್ಕೆ ಬರುವುದು ತಡವಾಗಿತ್ತು. ವರದಿ 2003ರಲ್ಲೇ ಪ್ರಕಟವಾಯಿತು. ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಆ ಎಂಟು ವರ್ಷ ದೇಶದ ಹೊಲಗಳಲ್ಲಿ ಅದನ್ನು ಬೆನ್ನ ಮೇಲೆ ಹೊತ್ತವರ ಲೆಕ್ಕ ಯಾರು ಇಟ್ಟಿದ್ದಾರೆ?

ಎಂಡೋಸಲ್ಫಾನ್ ಹೋಯಿತು, ಹೊಡೆಯುವ ರೀತಿ ಹೋಗಲಿಲ್ಲ. ಬರಿಗಾಲು, ಬರಿಗೈ, ಸೋರುವ ಪಂಪು. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುತ್ತದಲ್ಲ, ಅದು ಆ ವಿಷ ಜೀವಕ್ಕೆ ಎಷ್ಟು ಬೇಗ ಕುತ್ತು ತರುತ್ತದೆಂದು ತಿಳಿಸುತ್ತದೆ, ಅಷ್ಟೇ. ದಿನದಿನವೂ ಚರ್ಮದ ಮೂಲಕ ಒಳಗಿಳಿದು ಹಾರ್ಮೋನಿನ ಲಯ ಕೆಡಿಸುತ್ತದೆಯೇ ಎಂಬುದನ್ನು ಯಾವ ಬಣ್ಣವೂ ಹೇಳುವುದಿಲ್ಲ. ಹಸಿರು ಕಂಡು ನಿಶ್ಚಿಂತರಾಗಬೇಡಿ. ಬಂಜೆತನಕ್ಕೆ ಕಾರಣಗಳು ಹಲವು, ಪ್ರತಿ ಎಣ್ಣಿಯೂ ಅಪರಾಧಿಯಲ್ಲ. ಆದರೆ ಕೇಳದೆ ತಿಳಿಯುವುದು ಹೇಗೆ?

ಸತ್ತೂರಿನಲ್ಲಿ ವೈದ್ಯಕೀಯ ಕಾಲೇಜಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ನಡುವಿನ ದಾರಿ ಕೆಲವೇ ಮೈಲಿ. ಎರಡೂ ಕೂಡಿ ನವಲಗುಂದ, ಕುಂದಗೋಳದ ಎಣ್ಣಿ ಹೊಡೆಯುವ ಗಂಡಸರ ರಕ್ತ, ವೀರ್ಯ ಪರೀಕ್ಷಿಸಲಿ, ಫಲಿತಾಂಶವನ್ನು ಅವರ ಊರಿನ ಕಟ್ಟೆಗೇ ಬಂದು ಕನ್ನಡದಲ್ಲಿ ಹೇಳಲಿ. ವೈದ್ಯರೇ, ಮಕ್ಕಳಿಲ್ಲವೆಂದು ಬಂದ ಗಂಡಸಿಗೆ ಬೀಡಿ, ಕುಡಿತದ ಜೊತೆಗೆ ಪಂಪಿನ ಮಾತನ್ನೂ ಕೇಳಿರಿ. ಅಪ್ಪಂದಿರೇ, ಶಾಲೆಗೆ ಹೋಗುವ ಮಗನ ಬೆನ್ನಿಗೆ ಪಂಪು ಏರಿಸಬೇಡಿ. ಅತ್ತೆಯಂದಿರೇ, ಸೊಸೆಯನ್ನು ಹಂಗಿಸುವ ಮುನ್ನ ನಿಮ್ಮ ಮಗನನ್ನು ಪರೀಕ್ಷೆಗೆ ಕಳಿಸಿರಿ.