ತಾಲ್ಲೂಕಿನ ಸರ್ವರ್ ಬೆಂಗಳೂರಿಗೆ ಹೋದ ಮೇಲೆ

ಇಸವಿ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದಾಗ ಸಾಗರ, ಹೊಸನಗರ, ತೀರ್ಥಹಳ್ಳಿಯ ರೈತರಿಗೆ ಪಹಣಿ ಕೊಡುವ ಸರ್ವರ್ ಅವರವರ ತಾಲ್ಲೂಕು ಕಚೇರಿಯಲ್ಲೇ ಇತ್ತು. 15 ರೂಪಾಯಿ ಕೊಟ್ಟರೆ ಅದೇ ಕಟ್ಟಡದ ಯಂತ್ರ ದಾಖಲೆ ಹುಡುಕಿ ಅಚ್ಚು ಹಾಕಿಕೊಡುತ್ತಿತ್ತು. ಕೈಬರಹದಲ್ಲಿದ್ದ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದು ಹಾಗೆ. ಇಂದು ಆ ದಾಖಲೆಗಳಿರುವುದು ಬೆಂಗಳೂರಿನ ಡೇಟಾ ಸೆಂಟರಿನಲ್ಲಿ. ಈ 25 ವರ್ಷಗಳಲ್ಲಿ ನಮ್ಮ ಮೇಜಿನ ಮೇಲಿನ ಯಂತ್ರ ಎಷ್ಟು ಬೆಳೆಯಿತು, ದೂರದ ಯಂತ್ರ ಎಷ್ಟು ಬೆಳೆಯಿತು, ಯಾವುದರಿಂದ ಯಾವ ಕೆಲಸ ಮಾಡಿಸಬೇಕಿತ್ತು ಎಂದು ಹಿಂತಿರುಗಿ ನೋಡುವ ಹೊತ್ತು ಈಗ ಬಂದಿದೆ.

ಬೆಳವಣಿಗೆಯನ್ನು ಅಳೆಯಲು ನಮ್ಮ ರಾಜ್ಯದ್ದೇ ಒಂದು ಗುರುತಿದೆ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಹೊರತಂದ ‘ಡನಿಂಗ್ಟನ್’ ಎಂಬ ಸರ್ವರ್ ಪ್ರೊಸೆಸರ್ ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. ಅದರಲ್ಲಿ 6 ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಮೇಲ್ದರ್ಜೆಯ ಮಾದರಿಗೆ 130 ವ್ಯಾಟ್. ಕನ್ನಡ ನೆಲದಲ್ಲಿ ಆದ ಆ ಕೆಲಸ ನಮಗೆ ಹೆಮ್ಮೆಯದು. 12 ವರ್ಷ ಕಳೆಯುವಷ್ಟರಲ್ಲಿ ಆಪಲ್ ಲ್ಯಾಪ್‌ಟಾಪಿನ ಎಂ1 ಚಿಪ್ಪಿನಲ್ಲಿ 8 ಕೋರ್, 1,600 ಕೋಟಿ ಟ್ರಾನ್ಸಿಸ್ಟರ್ ಬಂದವು. ಫ್ಯಾನೇ ಇಲ್ಲದ ತೆಳು ಲ್ಯಾಪ್‌ಟಾಪಿನಲ್ಲೂ ಅದು ಓಡಿತು.

ಹಳೆಯ ಸರ್ವರನ್ನು ಹೊಸ ಲ್ಯಾಪ್‌ಟಾಪ್ ಹಿಂದೆ ಹಾಕಿತೆಂದರೆ ಅದರಲ್ಲಿ ಅಚ್ಚರಿಯಿಲ್ಲ. ಒಂದೇ ಕಾಲದ, ಒಂದೇ ಮನೆತನದ ಎರಡು ಚಿಪ್ಪುಗಳನ್ನು ಎದುರುಬದುರು ಇಟ್ಟರೆ ನಿಜವಾದ ಹೋಲಿಕೆ ಸಿಗುತ್ತದೆ. ಎಎಂಡಿ ಕಂಪನಿಯ ‘ಜೆನ್ 4’ ಕೋರ್ 2022ರಲ್ಲಿ ಎಪಿಕ್ 9654 ಎಂಬ ಸರ್ವರ್ ಪ್ರೊಸೆಸರಿಗೂ ಮರುವರ್ಷ ರೈಜನ್ 7 7840ಯು ಎಂಬ ಲ್ಯಾಪ್‌ಟಾಪ್ ಪ್ರೊಸೆಸರಿಗೂ ಬಂತು. ಸರ್ವರಿನದರಲ್ಲಿ 96 ಕೋರ್, ಲ್ಯಾಪ್‌ಟಾಪಿನದರಲ್ಲಿ 8. ಆದರೆ ಗರಿಷ್ಠ ವೇಗ ನೋಡಿ: ಸರ್ವರಿನದು 3.7 ಗಿಗಾಹರ್ಟ್ಸ್, ಲ್ಯಾಪ್‌ಟಾಪಿನದು 5.1. ಒಂದಕ್ಕೆ 360 ವ್ಯಾಟ್, ಇನ್ನೊಂದಕ್ಕೆ 28. ಭಾಗಿಸಿದರೆ ಕೋರ್ ಒಂದಕ್ಕೆ ಎರಡರಲ್ಲೂ ಹೆಚ್ಚುಕಡಿಮೆ ಮೂರೂವರೆ ವ್ಯಾಟ್! ಅಂದರೆ ಕೋರೂ ಒಂದೇ, ಅದರ ಪಾಲಿನ ಕರೆಂಟೂ ಸುಮಾರು ಒಂದೇ. ಬೇರೆಯಾಗಿರುವುದು ಕಟ್ಟಿದ ಉದ್ದೇಶ.

ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಅಂಗಳ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಒಂದು ಬದಿ ಚುರುಕು ಕೈಯ 8 ಮಂದಿ, ಇನ್ನೊಂದು ಬದಿ ತುಸು ನಿಧಾನದ 96 ಮಂದಿ. ಸುಲಿಯಬೇಕಾದ್ದು ಒಂದೇ ಕಾಯಿ ಎಂದಾದರೆ ಗೆಲ್ಲುವುದು ಚುರುಕು ಕೈ. ತೋಟದ ರಾಶಿಯೆಲ್ಲ ಅಂಗಳಕ್ಕೆ ಬಿತ್ತೆಂದರೆ 96 ಮಂದಿಯ ಮುಂದೆ 8 ಮಂದಿ ನಿಲ್ಲಲಾರರು. ಅಷ್ಟು ಜನರ ಕೈ ಖಾಲಿ ಬೀಳದಂತೆ ಬುಟ್ಟಿ ತಂದು ಸುರಿಯುವವರೂ ಬೇಕಲ್ಲ. ಪ್ರೊಸೆಸರಿನಲ್ಲಿ ಆ ಕೆಲಸ ಮೆಮೊರಿ ಚಾನೆಲ್‌ಗಳದು. ಈ ಸರ್ವರ್ ಪ್ರೊಸೆಸರಿಗೆ ಅಂಥ 12 ಚಾನೆಲ್‌ಗಳಿವೆ. ಕೋರಿನ ಪಕ್ಕದಲ್ಲೇ ಇರುವ ಕ್ಯಾಶ್ ಮೆಮೊರಿಯೂ ಅಷ್ಟೇ: ಸರ್ವರಿನದರಲ್ಲಿ 384 ಎಂಬಿ, ಲ್ಯಾಪ್‌ಟಾಪಿನದರಲ್ಲಿ 16.

ವೇಗದ ಅಂಕಿಯಲ್ಲಿ ಕಾಣದ ಗುಣಗಳೂ ಇವೆ. ಭಾರದ ಕೆಲಸ ಕೊಟ್ಟರೆ ತೆಳು ಲ್ಯಾಪ್‌ಟಾಪ್ ಕೆಲವೇ ನಿಮಿಷಗಳಲ್ಲಿ ಕಾದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸರ್ವರ್ ತಣ್ಣನೆಯ ಕೋಣೆಯಲ್ಲಿ ವರ್ಷವಿಡೀ ಒಂದೇ ಸಮ ದುಡಿಯುತ್ತದೆ. ಅದರ ಮೆಮೊರಿ ತನ್ನಲ್ಲಾದ ಸಣ್ಣ ತಪ್ಪನ್ನು ತಾನೇ ಹಿಡಿದು ತಿದ್ದುತ್ತದೆ. ಸಾಮಾನ್ಯ ಲ್ಯಾಪ್‌ಟಾಪಿಗೆ ಆ ಅನುಕೂಲವಿಲ್ಲ. ಪಹಣಿಯಲ್ಲಿ ಗುಂಟೆಯ ಒಂದು ಅಂಕಿ ಬದಲಾದರೆ ಏನಾಗುತ್ತದೆಂದು ಜಮೀನಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಲಕ್ಷಾಂತರ ಜನರ ದಾಖಲೆ ಸರ್ವರಿನಲ್ಲೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ.

ನಮ್ಮ ತಕರಾರು ಇರುವುದು ಬೇರೆ ಕಡೆ. ನಾಡಕಚೇರಿ, ನ್ಯಾಯಬೆಲೆ ಅಂಗಡಿ, ನೋಂದಣಿ ಕಚೇರಿಗಳಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಕೇಳಿ ಎಷ್ಟೋ ಜನ ಬಸ್ ಚಾರ್ಜು, ದಿನದ ಕೂಲಿ ಎರಡನ್ನೂ ಕಳೆದುಕೊಂಡು ಮನೆಗೆ ಮರಳಿದ್ದಾರೆ. ಹಾಗೆ ಹೇಳಿದಾಗಲೆಲ್ಲ ಪ್ರೊಸೆಸರ್ ಸೋತಿರುತ್ತದೆ ಎಂದಲ್ಲ. ಕೆಲವೊಮ್ಮೆ ಅದಕ್ಕೆ ತಾಳಲಾರದ ಹೊರೆ ಬೀಳುತ್ತದೆ. 2025ರ ಜನವರಿಯಲ್ಲಿ ‘ಕಾವೇರಿ 2.0’ ತಂತ್ರಾಂಶದ ಮೇಲೆ ನಕಲಿ ಕೋರಿಕೆಗಳ ದಾಳಿ ನಡೆದು ಆಸ್ತಿ ನೋಂದಣಿಗೆ ಅಡ್ಡಿಯಾದದ್ದು ಹೀಗೆಯೇ. ಆದರೆ ಮಲೆನಾಡಿನಲ್ಲಿ ಕೈಕೊಡುವುದು ಬಹುಪಾಲು ನಡುವಿನ ದಾರಿ. 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಗುಡ್ಡ ಹತ್ತಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕೂತದ್ದನ್ನು ಈ ಮೂರೂ ತಾಲ್ಲೂಕುಗಳು ಮರೆತಿಲ್ಲ. ಅವರ ಕೈಯಲ್ಲಿದ್ದ ಫೋನಿಗೂ ಲ್ಯಾಪ್‌ಟಾಪಿಗೂ ಶಕ್ತಿ ಕಡಿಮೆಯಿರಲಿಲ್ಲ, ಇಲ್ಲದ್ದು ನೆಟ್‌ವರ್ಕ್. ಸಾಗರ ತಾಲ್ಲೂಕಿನ ಲಿಂಗನಮಕ್ಕಿಯ ನೀರು 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ, ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದ ನೀರು ವಾರಾಹಿಯನ್ನು. ರಾಜ್ಯದ ಯಂತ್ರಗಳಿಗೆ ಕರೆಂಟು ಕೊಟ್ಟ ಈ ಸೀಮೆಯಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಟವರೂ ಸತ್ತು, ಆ ಸರ್ವರ್ ಕೈಗೆ ಎಟುಕದಂತಾಗುತ್ತದೆ.

25 ವರ್ಷಗಳ ಲೆಕ್ಕ ತೆಗೆದರೆ ಎದ್ದು ಕಾಣುವ ತಪ್ಪು ಇದು: ಮೇಜಿನ ಮೇಲಿನ ಯಂತ್ರ ಬಲಗೊಂಡಷ್ಟೂ ಅದರಿಂದ ಕೆಲಸ ಕಿತ್ತುಕೊಂಡೆವು. ಅರ್ಜಿ ತುಂಬುವುದು, ಲೆಕ್ಕ ಕೂಡುವುದು, ಫೋಟೋ ಕುಗ್ಗಿಸುವುದು, ತಪ್ಪು ಹುಡುಕುವುದು, ಇದ್ಯಾವುದಕ್ಕೂ 96 ಕೋರ್ ಬೇಡ. ಬ್ಯಾಟರಿಯ ಮೇಲೆ ಓಡುವ ಸಾಧಾರಣ ಲ್ಯಾಪ್‌ಟಾಪ್ ಅವನ್ನೆಲ್ಲ ಕಚೇರಿಯಲ್ಲೇ ಮುಗಿಸಿ, ನೆಟ್‌ವರ್ಕ್ ಬಂದಾಗ ಸರ್ವರಿಗೆ ಒಪ್ಪಿಸಬಲ್ಲದು. 2020ರಲ್ಲಿ ರೈತರ ಕೈಗೆ ಬಂದ ಬೆಳೆ ಸಮೀಕ್ಷೆ ಆ್ಯಪ್ ಈ ಜಾಡಿನದೇ: ಮೊದಲು ಮಾಹಿತಿ ಇಳಿಸಿಕೊಳ್ಳಿ, ಹೊಲದಲ್ಲಿ ಫೋಟೋ ತೆಗೆಯಿರಿ, ಆಮೇಲೆ ಅಪ್‌ಲೋಡ್ ಮಾಡಿ. ಅದೇ ಕ್ರಮ ನಾಡಕಚೇರಿಗೂ ಗ್ರಾಮ ಪಂಚಾಯಿತಿಗೂ ಬರಬೇಕು. ಹೊಸ ತಂತ್ರಾಂಶ ಯಾವುದೇ ಇರಲಿ, ಜಾರಿಗೆ ತರುವ ಮೊದಲು ಜುಲೈ ತಿಂಗಳಲ್ಲಿ ಆಗುಂಬೆಯಲ್ಲೋ ಹುಲಿಕಲ್‌ನಲ್ಲೋ ಒಂದು ದಿನ ಕೂತು ಅದನ್ನು ನಡೆಸಿ ನೋಡಿ ಎಂದು ಇಲಾಖೆಗಳನ್ನು ಕೇಳಿಕೊಳ್ಳುತ್ತೇವೆ.