ಜ್ವರ ಇಳಿದ ಮೇಲಿನ ಎರಡು ದಿನ

ಮಳೆಗಾಲದ ನಡುವಿನಿಂದ ದೀಪಾವಳಿ ಕಳೆಯುವವರೆಗೆ, ಠಾಣೆ ಪೂರ್ವದ ಕೋಪರಿಯಿರಲಿ, ಡೊಂಬಿವಲಿ, ಕಲ್ಯಾಣ, ವಾಶಿಯಿರಲಿ, ಜ್ವರದ ಮಗುವನ್ನು ಎತ್ತಿಕೊಂಡು ದವಾಖಾನೆಗೆ ಬರುವ ತಂದೆತಾಯಿಯ ಬಾಯಲ್ಲಿ ಒಂದೇ ಪ್ರಶ್ನೆ: ‘ಪ್ಲೇಟ್ಲೆಟ್ ಎಷ್ಟಿದೆ?’ ಊರಿನಿಂದ ಫೋನ್ ಮಾಡುವ ಅಜ್ಜಿಯೂ ಅದನ್ನೇ ಕೇಳುತ್ತಾರೆ, ಕೆಲಸದ ಜಾಗದಲ್ಲಿ ಜೊತೆಯವರೂ ಅದನ್ನೇ ಕೇಳುತ್ತಾರೆ. ಡೆಂಗಿ ಹಿಡಿದ ಮಗುವಿನ ಪ್ರಾಣ ಆ ಒಂದು ಅಂಕಿಯಲ್ಲಿದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಬೇರೂರಿದೆ. ಮಗುವನ್ನು ಉಳಿಸುವ ಪ್ರಶ್ನೆಗಳು ಬೇರೆಯೇ ಇವೆ. ಮಗು ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ? ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ಹೊಟ್ಟೆ ನೋಯುತ್ತಿದೆಯೇ? ಕರೆದರೆ ಎಂದಿನಂತೆ ಓಗೊಡುತ್ತಿದೆಯೇ? ಇವಕ್ಕೆ ಉತ್ತರ ಕೊಡಬಲ್ಲವರು ಮಗುವಿನ ಪಕ್ಕದಲ್ಲಿ ರಾತ್ರಿಯಿಡೀ ಕೂತಿರುವ ತಾಯಿ ಅಥವಾ ತಂದೆ ಮಾತ್ರ. ಈ ಕಾಯಿಲೆಯಲ್ಲಿ ಅವರ ಕಾವಲು ಚಿಕಿತ್ಸೆಯ ಒಂದು ಭಾಗ. ಆದರೆ ಆ ಕಾವಲಿಗೆ ಬೇಕಾದ ತಿಳಿವಳಿಕೆಯನ್ನು ಅವರ ಭಾಷೆಯಲ್ಲಿ ಕೊಡುವ, ಅದಕ್ಕೆ ಬೇಕಾದ ಬಿಡುವನ್ನು ಒದಗಿಸುವ ಹೊಣೆಯನ್ನು ನಮ್ಮ ನಗರಗಳು ಇನ್ನೂ ಹೊತ್ತಿಲ್ಲ.

ಡೆಂಗಿಯ ನಡೆ ಉಳಿದ ಜ್ವರಗಳಂಥದ್ದಲ್ಲ. ಸಾಮಾನ್ಯವಾಗಿ ಮೈ ತಣ್ಣಗಾದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ, ತಂದೆ ಕೆಲಸಕ್ಕೆ ಮರಳುತ್ತಾನೆ, ಮಗುವನ್ನು ಶಾಲೆಗೆ ಯಾವಾಗ ಕಳಿಸುವುದೆಂಬ ಮಾತು ಶುರುವಾಗುತ್ತದೆ. ಡೆಂಗಿಯಲ್ಲಿ ಜ್ವರ ಎರಡರಿಂದ ಏಳು ದಿನ ಇರುತ್ತದೆ. ಅದು ಇಳಿಯುವ ಹೊತ್ತಿಗೆ, ಹೆಚ್ಚಾಗಿ ಮೂರನೆಯ ದಿನದಿಂದ ಏಳನೆಯ ದಿನದ ನಡುವೆ, ಅಪಾಯದ ಘಟ್ಟ ತೆರೆದುಕೊಳ್ಳುತ್ತದೆ. 24ರಿಂದ 48 ಗಂಟೆಗಳ ಆ ಅವಧಿಯಲ್ಲಿ ಕೆಲವು ಮಕ್ಕಳ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲಗೊಂಡು ರಕ್ತದ ನೀರಿನಂಶ ಹೊಟ್ಟೆಗೂ ಎದೆಗೂ ಸೋರತೊಡಗುತ್ತದೆ. ನಾಳದೊಳಗೆ ಉಳಿದ ರಕ್ತ ಮಂದವಾಗುತ್ತದೆ, ನಾಡಿ ಕ್ಷೀಣಿಸುತ್ತದೆ, ಕೈಕಾಲು ತಣ್ಣಗಾಗುತ್ತವೆ. ಮೈ ತಣ್ಣಗಾಗಿದೆ ಎಂದು ಮನೆಯವರು ಸಮಾಧಾನಪಡುತ್ತಿರುವ ಹೊತ್ತಿನಲ್ಲೇ ಮಗು ಆಘಾತದ ಸ್ಥಿತಿಗೆ ಜಾರುತ್ತಿರಬಹುದು. ಹಾಗೆ ಜಾರುವ ಮೊದಲು ಬಹುಪಾಲು ಮಕ್ಕಳಲ್ಲಿ ಸೂಚನೆಗಳು ಕಾಣುತ್ತವೆ: ಬಿಡದೆ ಕಾಡುವ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಅತಿಯಾದ ಮಂಪರು ಅಥವಾ ಕಾರಣವಿಲ್ಲದ ಚಡಪಡಿಕೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಡೆಂಗಿಯ ವರ್ಗೀಕರಣವನ್ನು ಬದಲಿಸಿದಾಗ ಈ ಎಚ್ಚರಿಕೆಯ ಚಿಹ್ನೆಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಆ ಪಟ್ಟಿಯ ಬಹುತೇಕ ಅಂಶಗಳನ್ನು ಗುರುತಿಸಲು ಯಂತ್ರ ಬೇಡ, ಪ್ರಯೋಗಾಲಯ ಬೇಡ. ಮಗುವನ್ನು ಬಲ್ಲ ಕಣ್ಣು ಸಾಕು. ತನ್ನ ಮಗುವಿನ ಸಹಜ ನಿದ್ದೆ ಯಾವುದು, ಮಂಪರು ಯಾವುದು ಎಂಬುದು ಹೊಸದಾಗಿ ನೋಡುವ ವೈದ್ಯರಿಗಿಂತ ತಾಯಿಗೆ ಬೇಗ ತಿಳಿಯುತ್ತದೆ.

ವೈರಾಣುವನ್ನು ಕೊಲ್ಲುವ ಔಷಧ ಡೆಂಗಿಗೆ ಇಂದಿಗೂ ಇಲ್ಲ. ಆದರೂ ಸರಿಯಾದ ಆರೈಕೆ ಸಿಕ್ಕರೆ ತೀವ್ರ ಡೆಂಗಿಯಲ್ಲೂ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ. ಆರೈಕೆ ಇಲ್ಲದಿದ್ದರೆ ನೂರಕ್ಕೆ ಇಪ್ಪತ್ತರವರೆಗೂ ಹೋಗಬಹುದು. ಈ ಅಂತರವನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಥಾಯ್ಲೆಂಡಿನ ಮಕ್ಕಳ ವೈದ್ಯೆ ಸುಚಿತ್ರಾ ನಿಮ್ಮನ್ನಿತ್ಯ ಮುಖ್ಯರು. 1958ರಲ್ಲಿ ಬ್ಯಾಂಕಾಕಿನಲ್ಲಿ ರಕ್ತಸ್ರಾವದ ಡೆಂಗಿ ದೊಡ್ಡದಾಗಿ ಕಾಣಿಸಿಕೊಂಡ ನಂತರದ ದಶಕಗಳಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ನೂರಾರು ಮಕ್ಕಳನ್ನು ಹಾಸಿಗೆಯ ಪಕ್ಕದಲ್ಲೇ ನಿಂತು ಗಮನಿಸಿ, ನೀರಿನಂಶ ಯಾವಾಗ ಸೋರುತ್ತದೆ, ದ್ರವವನ್ನು ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಕಂಡುಕೊಂಡರು. ಅವರ ಕೈಯಲ್ಲಿದ್ದದ್ದು ಉಪ್ಪುನೀರಿನ ಬಾಟಲಿ, ಗಡಿಯಾರ ಮತ್ತು ಬಿಡದ ಗಮನ. ಯಾವಾಗ ನಿಲ್ಲಿಸಬೇಕು ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ‘ಒಂದು ಸಲೈನ್ ಹಚ್ಚಿಬಿಡಿ ಡಾಕ್ಟ್ರೇ’ ಎಂಬ ಒತ್ತಾಯ ನಮ್ಮಲ್ಲಿ ಸಾಮಾನ್ಯ. ಚೇತರಿಕೆಯ ಘಟ್ಟದಲ್ಲಿ ಸೋರಿದ ನೀರಿನಂಶ ತಾನಾಗಿ ರಕ್ತಕ್ಕೆ ಮರಳುತ್ತದೆ. ಆಗಲೂ ಬಾಟಲಿ ಏರಿಸುತ್ತಲೇ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಮಗು ಅದರಿಂದಲೇ ಸಾಯಬಹುದು.

ಇನ್ನು ಪ್ಲೇಟ್ಲೆಟ್. ಅದು ಕುಸಿಯುವುದು ಕಾಯಿಲೆ ಯಾವ ಹಂತದಲ್ಲಿದೆ ಎಂಬುದಕ್ಕೆ ಒಂದು ಸುಳಿವು, ನಿಜ. ಆದರೆ ಮಕ್ಕಳು ಹೆಚ್ಚಾಗಿ ಸಾಯುವುದು ನೀರಿನಂಶ ಸೋರಿದ್ದರಿಂದ ಬರುವ ಆಘಾತದಿಂದ, ಪ್ಲೇಟ್ಲೆಟ್ ಇಳಿದ ಮಾತ್ರಕ್ಕೆ ಅಲ್ಲ. ಎಲ್ಲರೂ ಪ್ಲೇಟ್ಲೆಟ್ ಅಂಕಿ ಹುಡುಕುವ ಅದೇ ರಕ್ತಪರೀಕ್ಷೆಯ ವರದಿಯಲ್ಲಿ ಹೆಮಾಟೊಕ್ರಿಟ್ ಅಥವಾ ಪಿಸಿವಿ ಎಂಬ ಇನ್ನೊಂದು ಅಂಕಿ ಇರುತ್ತದೆ. ರಕ್ತ ಎಷ್ಟು ಮಂದವಾಗಿದೆ ಎಂದು ಹೇಳುವುದು ಅದು. ಅದು ಏರುತ್ತಿರುವಾಗಲೇ ಪ್ಲೇಟ್ಲೆಟ್ ವೇಗವಾಗಿ ಇಳಿದರೆ ಸೋರಿಕೆ ಶುರುವಾಗಿದೆ ಎಂದರ್ಥ. ಆ ಅಂಕಿಯನ್ನು ವಿಚಾರಿಸುವ ತಂದೆತಾಯಿ ಅಪರೂಪ, ಏಕೆಂದರೆ ಯಾರೂ ಅವರಿಗೆ ಅದನ್ನು ತೋರಿಸಿಲ್ಲ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ವಯಸ್ಕರ ಮೇಲೆ ನಡೆದು 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಲೇಟ್ಲೆಟ್ 20 ಸಾವಿರಕ್ಕೆ ಇಳಿದಿದ್ದರೂ ರಕ್ತಸ್ರಾವವಿಲ್ಲದ ರೋಗಿಗಳಿಗೆ ಮುಂಜಾಗ್ರತೆಯಾಗಿ ಪ್ಲೇಟ್ಲೆಟ್ ಏರಿಸಿದ್ದರಿಂದ ರಕ್ತಸ್ರಾವ ತಪ್ಪಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದವು. ಆದರೂ ಪ್ರತಿ ವರ್ಷ ರಕ್ತನಿಧಿಗಳ ಮುಂದೆ ರಾತ್ರಿ ಕಾಯುವ ತಂದೆಯರಿದ್ದಾರೆ. ಅವರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಏನಾದರೂ ಮಾಡಲೇಬೇಕೆಂಬ ತುಡಿತಕ್ಕೆ ಸರಿದಾರಿ ಸಿಗದಿದ್ದಾಗ ಅದು ಸಿಕ್ಕ ದಾರಿ ಹಿಡಿಯುತ್ತದೆ. ಪಪ್ಪಾಯಿ ಎಲೆಯ ರಸದ ಕಥೆಯೂ ಹೀಗೆಯೇ. ಅದು ಪ್ಲೇಟ್ಲೆಟ್ ಸಂಖ್ಯೆಯನ್ನು ಸ್ವಲ್ಪ ಏರಿಸಬಹುದೆಂದು ಕೆಲವು ಸಣ್ಣ ಅಧ್ಯಯನಗಳು ಹೇಳಿದರೂ ರಕ್ತನಾಳದ ಸೋರಿಕೆಯನ್ನು ಅದು ನಿಲ್ಲಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಓಕರಿಕೆಯಿಂದ ಬಳಲುವ ಮಗುವಿಗೆ ಆ ಕಹಿ ಕುಡಿಸಿ ವಾಂತಿ ಮಾಡಿಸಿದರೆ, ಹೊಟ್ಟೆಯಲ್ಲಿ ನಿಂತಿದ್ದ ಗಂಜಿ, ಎಳನೀರೂ ಹೊರಬರುತ್ತವೆ.

ಕುಡಿಸುವ ವಿಷಯದಲ್ಲಂತೂ ತಂದೆತಾಯಿಗೆ ಮೋಸವೇ ಆಗಿದೆ. ಓಆರ್‌ಎಸ್ ಎಂಬ ಅಕ್ಷರಗಳನ್ನು ಹೆಸರಿಗೆ ಸೇರಿಸಿಕೊಂಡ ಸಿಹಿ ಪಾನೀಯಗಳು ಔಷಧದ ಅಂಗಡಿಗಳಲ್ಲೇ ವರ್ಷಗಟ್ಟಲೆ ಮಾರಾಟವಾದವು. ಸರಿಯಾದ ಓಆರ್‌ಎಸ್‌ನ ಒಂದು ಲೀಟರಿನಲ್ಲಿ 13.5 ಗ್ರಾಂ ಗ್ಲೂಕೋಸ್ ಇರಬೇಕು. ಈ ಡಬ್ಬಿಗಳಲ್ಲಿ ಸಕ್ಕರೆ ಅದರ ಹಲವು ಪಟ್ಟು ಇತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಳ ಕಾಲ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಬಳಸದಂತೆ ಆದೇಶಿಸಿತು. ನೋವಿನ ಮಾತ್ರೆಗಳದ್ದೂ ಅದೇ ಕಥೆ. ಡೆಂಗಿಯ ಅನುಮಾನವಿದ್ದಾಗ ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಮಾತ್ರ ಸುರಕ್ಷಿತ. ಐಬುಪ್ರೊಫೇನ್, ಮೆಫೆನಮಿಕ್ ಆಸಿಡ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಜ್ವರ ಬೇಗ ಇಳಿಯುತ್ತದೆಂದು ಚೀಟಿಯಿಲ್ಲದೆ ಕೈಗೆ ಕೊಡುವ ಮಕ್ಕಳ ಸಿರಪ್‌ಗಳಲ್ಲಿ ಹಲವು ಸಲ ಇವುಗಳಲ್ಲಿ ಮೊದಲೆರಡು ಇರುತ್ತವೆ.

ಈ ತಿಳಿವಳಿಕೆ ಕೋಪರಿಯಂಥ ಬಡಾವಣೆಯ ಕನ್ನಡ ಮನೆಗೆ ಹೇಗೆ ತಲುಪಬೇಕು? ಠಾಣೆ ನಿಲ್ದಾಣದ ಪೂರ್ವಕ್ಕೆ, ರೈಲುಹಳಿ ಮತ್ತು ಖಾರಿಯ ನಡುವೆ ಒತ್ತಾಗಿ ಬೆಳೆದ ಪ್ರದೇಶ ಇದು. ಠಾಣೆ, ಡೊಂಬಿವಲಿ, ಕಲ್ಯಾಣದ ಈ ನಗರಸಾಲಿನಲ್ಲಿ ಕರಾವಳಿಯಿಂದ ಬಂದ ಹೋಟೆಲ್ ಕುಟುಂಬಗಳಿವೆ, ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿದ್ದಾರೆ. ಮೊದಲಿನವರಿಗೆ ಮರಾಠಿ, ಹಿಂದಿ ಸಲೀಸು. ಎರಡನೆಯವರಲ್ಲಿ ಅನೇಕ ತಾಯಂದಿರಿಗೆ ದಿನದ ವ್ಯವಹಾರದಷ್ಟು ಹಿಂದಿ ಬರುತ್ತದೆ. ಮಗುವಿನ ಹೊಟ್ಟೆನೋವು ಎಂಥದ್ದು, ಮಂಪರು ಎಷ್ಟು ಹೊತ್ತಿನಿಂದ ಎಂದು ಬಿಡಿಸಿ ಹೇಳುವಷ್ಟು ಬರುವುದಿಲ್ಲ. ಕಟ್ಟುತ್ತಿರುವ ಕಟ್ಟಡದ ತಳದಲ್ಲಿ ನಿಂತ ನೀರು, ನಲ್ಲಿ ಬಾರದ ದಿನಕ್ಕೆಂದು ತುಂಬಿಟ್ಟ ಡ್ರಮ್ಮು ಈಡಿಸ್ ಸೊಳ್ಳೆಗೆ ತವರು. ಅವುಗಳ ಪಕ್ಕದಲ್ಲೇ ಈ ಮಕ್ಕಳು ಮಲಗುತ್ತಾರೆ. ಹೊರರೋಗಿ ವಿಭಾಗದಲ್ಲಿ ಎರಡು ನಿಮಿಷ ಸಿಗುವ ವೈದ್ಯರು ‘ಏನಾದರೂ ತೊಂದರೆಯಾದರೆ ಕರೆತನ್ನಿ’ ಎಂದು ಕಳಿಸುತ್ತಾರೆ. ಆ ‘ಏನಾದರೂ’ ಏನೆಂದು ತಾಯಿಗೆ ತಿಳಿಯಬೇಕಾದರೆ ಒಂದು ಹಾಳೆ ಬೇಕು. ಅದರಲ್ಲಿ ಅಪಾಯದ ಚಿಹ್ನೆಗಳು ಚಿತ್ರಸಹಿತ ಇರಬೇಕು, ಕುಡಿದದ್ದು ಮತ್ತು ಮೂತ್ರ ಮಾಡಿದ ಹೊತ್ತು ಗುರುತು ಹಾಕಲು ಮನೆಗಳಿರಬೇಕು, ರಾತ್ರಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ಬರೆದಿರಬೇಕು. ಮರಾಠಿ, ಹಿಂದಿ, ಉರ್ದು, ಕನ್ನಡ ಎಲ್ಲದರಲ್ಲೂ ಇರಬೇಕು. ಪಾಲಿಕೆಗಳ ದವಾಖಾನೆಗಳಲ್ಲಿ ಜ್ವರದ ಚೀಟಿಯ ಜೊತೆಗೇ ಇದನ್ನು ಕೊಡಲು ಹೊಸ ಯೋಜನೆಯೇನೂ ಬೇಡ.

ಇದು ಸರ್ಕಾರ ಮತ್ತು ವೈದ್ಯರ ಹೊಣೆಯನ್ನು ತಾಯಿಯ ತಲೆಗೆ ಕಟ್ಟುವ ವಾದ ಎಂದು ಯಾರಾದರೂ ಹೇಳಬಹುದು. ಗಂಭೀರವಾದ ಆಕ್ಷೇಪವೇ ಇದು. ಮಗು ತೀರಿಕೊಂಡಾಗ ‘ನೀನು ನೋಡಿಕೊಳ್ಳಲಿಲ್ಲ’ ಎಂಬ ಮಾತು ಮೊದಲು ಬೀಳುವುದು ತಾಯಿಯ ಮೇಲೆ. ಆದರೆ ಹೊಣೆ ಈಗಾಗಲೇ ಅವಳ ಮೇಲಿದೆ. ರಾತ್ರಿ ಎರಡು ಗಂಟೆಗೆ ಮಗುವಿನ ಪಕ್ಕದಲ್ಲಿ ಬೇರೆ ಯಾರೂ ಇರುವುದಿಲ್ಲ. ಏನನ್ನೂ ಹೇಳಿಕೊಡದೆ ಆ ಹೊಣೆ ಹೊರಿಸಿರುವುದೇ ಅನ್ಯಾಯ. ಮೇಲಾಗಿ, ಹೊತ್ತು ಗುರುತು ಮಾಡಿದ ಹಾಳೆ ಅವಳ ಕೈಗೆ ಬಲ ಕೊಡುತ್ತದೆ. ತುರ್ತು ವಿಭಾಗದ ಬಾಗಿಲಲ್ಲಿ ‘ಮಗು ಸರಿ ಇಲ್ಲ’ ಎಂದು ಅಳುವ ತಾಯಿಯನ್ನು ಬೆಳಿಗ್ಗೆ ಬಾ ಎಂದು ಕಳಿಸುವುದು ಸುಲಭ. ಆರು ಗಂಟೆಯಿಂದ ಮೂತ್ರವಿಲ್ಲ, ಮೂರು ಸಲ ವಾಂತಿ, ಜ್ವರ ಬಿಟ್ಟು ಹತ್ತು ಗಂಟೆ ಎಂದು ಬರೆದ ಕಾಗದವನ್ನು ಮುಂದಿಟ್ಟವಳನ್ನು ಕಳಿಸುವುದು ಅಷ್ಟು ಸುಲಭವಲ್ಲ. ಕಾವಲು ತಾಯಿಯೊಬ್ಬಳದ್ದೇ ಆಗಬಾರದು ಎಂಬುದೂ ಸರಿ. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಲ್ಲಿ ವರ್ಷಕ್ಕೆ 8 ದಿನಗಳ ವೇತನಸಹಿತ ಸಾಂದರ್ಭಿಕ ರಜೆ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಕೊಟ್ಟ ಹಕ್ಕು. ಇಎಸ್‌ಐ ಕೊಡುವ ಅನಾರೋಗ್ಯ ಭತ್ಯೆ ಕಾರ್ಮಿಕನ ಸ್ವಂತ ಕಾಯಿಲೆಗೆ ಮಾತ್ರ, ಮಗುವಿನ ಕಾಯಿಲೆಗೆ ಇಲ್ಲ. ಜ್ವರ ಬಿಟ್ಟ ಮೇಲಿನ ಎರಡು ದಿನ ತಂದೆಯೂ ಮನೆಯಲ್ಲಿರಬೇಕಾದರೆ ಆ 8 ದಿನಗಳ ಹಕ್ಕನ್ನು ಕಾಗದದಿಂದ ಹೊರಗೆ ತರಲೇಬೇಕು. ನಾಕಾದಲ್ಲಿ ನಿಂತು ದಿನಗೂಲಿ ಹುಡುಕುವವನಿಗೆ ಅದೂ ಇಲ್ಲ.

ಎಲ್ಲರೂ ಹೆದರಿ ಆಸ್ಪತ್ರೆಗೆ ನುಗ್ಗಿದರೆ ಹಾಸಿಗೆ ಎಲ್ಲಿಂದ ತರುವುದು ಎಂಬುದು ಇನ್ನೊಂದು ಆಕ್ಷೇಪ. ಈಗಲೂ ನುಗ್ಗುತ್ತಿದ್ದಾರೆ, ಪ್ಲೇಟ್ಲೆಟ್ ಒಂದು ಲಕ್ಷಕ್ಕೆ ಇಳಿಯಿತೆಂದು, ಚೆನ್ನಾಗಿ ಕುಡಿಯುತ್ತಾ ಆಡುತ್ತಿರುವ ಮಗುವನ್ನೂ ಸೇರಿಸುತ್ತಾರೆ. ಆ ಹಾಸಿಗೆ ಮಂಪರು ಹತ್ತಿದ ಮತ್ತೊಂದು ಮಗುವಿಗೆ ಬೇಕಾಗಿತ್ತು. ಚಿಹ್ನೆಗಳನ್ನು ತಿಳಿದವರು ಅನಗತ್ಯವಾಗಿ ಬರುವುದೂ ಕಡಿಮೆ, ತಡವಾಗಿ ಬರುವುದೂ ಕಡಿಮೆ. ಹಾಗೆಂದು ಹಾಸಿಗೆಗಳ ಕೊರತೆಯನ್ನು ಮುಚ್ಚಿಡುವಂತಿಲ್ಲ. ಠಾಣೆಯ ಹಳೆಯ ಸಿವಿಲ್ ಆಸ್ಪತ್ರೆಯನ್ನು ಮರುನಿರ್ಮಾಣಕ್ಕಾಗಿ ಕೆಡವಿದ ಮೇಲೆ ಅದರ ಭಾರವೂ ಬಿದ್ದದ್ದು ಕಲ್ವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯ ಮೇಲೆ. 2023ರ ಆಗಸ್ಟ್‌ನಲ್ಲಿ ಅಲ್ಲಿ 24 ಗಂಟೆಗಳಲ್ಲಿ 18 ರೋಗಿಗಳು ತೀರಿಕೊಂಡರು. ಅವರ ಕಾಯಿಲೆಗಳು ಬೇರೆಬೇರೆ, ಆದರೆ ಬಡವರಿಗೆ ಉಳಿದಿರುವ ಬಾಗಿಲು ಎಷ್ಟು ಇಕ್ಕಟ್ಟಾಗಿದೆ ಎಂಬುದು ಅಂದು ಎಲ್ಲರಿಗೂ ಕಂಡಿತು. 2015ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಡೆಂಗಿಯ ಏಳು ವರ್ಷದ ಬಾಲಕನನ್ನು ಹಲವು ಖಾಸಗಿ ಆಸ್ಪತ್ರೆಗಳು ಸೇರಿಸಿಕೊಳ್ಳಲಿಲ್ಲವೆಂಬ ಆರೋಪ ಬಂತು. ಮಗು ತೀರಿಕೊಂಡ ಮೇಲೆ ತಂದೆತಾಯಿ ಇಬ್ಬರೂ ಪ್ರಾಣ ಬಿಟ್ಟರು. ಆ ತಂದೆತಾಯಿ ಕಾವಲಿನಲ್ಲಿ ಸೋತಿರಲಿಲ್ಲ. ಕಾವಲಿದ್ದವರು ಹೊತ್ತುಕೊಂಡು ಬಂದ ಮಗುವಿಗೆ ಬಾಗಿಲು ತೆರೆಯುವುದು ವ್ಯವಸ್ಥೆಯ ಪಾಲಿನ ಕೆಲಸ. ಇದರಲ್ಲಿ ರಾಜಿಗೆ ಜಾಗವಿಲ್ಲ.

ಸೊಳ್ಳೆಯನ್ನೇ ತಡೆಯಿರಿ, ಲಸಿಕೆ ತನ್ನಿ ಎನ್ನುವವರ ಮಾತು ಸರಿ, ಆದರೆ ಸಾಲದು. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆ, ನಿವೇಶನ, ಕಟ್ಟಡಗಳಿಗೆ ದಂಡ ನಿಗದಿ ಮಾಡಿತು. ಒಳ್ಳೆಯ ಹೆಜ್ಜೆ. ಅದಕ್ಕೂ ಮೊದಲು ಪರೀಕ್ಷೆಗಳ ದರಕ್ಕೆ ಮಿತಿ ಹಾಕಿದ್ದು ಇನ್ನೂ ಒಳ್ಳೆಯದು. ಐಸಿಎಂಆರ್ ಮತ್ತು ಪ್ಯಾನೇಸಿಯಾ ಬಯೋಟೆಕ್ ಸೇರಿ ದೇಶೀಯ ಲಸಿಕೆಯ ಮೂರನೆಯ ಹಂತದ ಪ್ರಯೋಗವನ್ನು 2024ರ ಆಗಸ್ಟ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಗುರಿಯಾಗಿಟ್ಟು ಆರಂಭಿಸಿದವು. ಆದರೆ ಫಿಲಿಪ್ಪೀನ್ಸ್ 2016ರಲ್ಲಿ ಶಾಲಾಮಕ್ಕಳಿಗೆ ಆತುರದಿಂದ ಕೊಟ್ಟ ಮೊದಲ ಡೆಂಗಿ ಲಸಿಕೆ, ಹಿಂದೆ ಡೆಂಗಿ ಬಾರದ ಮಕ್ಕಳಲ್ಲಿ ಮುಂದೆ ತೀವ್ರ ಕಾಯಿಲೆಯ ಅಪಾಯ ಹೆಚ್ಚಿಸಬಹುದೆಂದು ಮರುವರ್ಷ ತಿಳಿದು ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು. ನಾಲ್ಕು ಬಗೆಯ ವೈರಾಣುಗಳ ಈ ಕಾಯಿಲೆಯಲ್ಲಿ ಎರಡನೆಯ ಸಲದ ಸೋಂಕೇ ಹೆಚ್ಚು ಅಪಾಯಕಾರಿ. ದೇಶದಲ್ಲಿ 2023ರಲ್ಲಿ ಅಧಿಕೃತವಾಗಿ ದಾಖಲಾದ ಪ್ರಕರಣಗಳೇ 2.89 ಲಕ್ಷ. ಸಿದ್ಧ ಲಸಿಕೆ ಕೈಗೆ ಬರುವವರೆಗೆ ಇನ್ನೂ ಕೆಲವು ಮಳೆಗಾಲಗಳನ್ನು ಈ ಮಕ್ಕಳು ದಾಟಬೇಕಿದೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡ ಸಂಘಗಳು ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಕರಪತ್ರ ಅಚ್ಚು ಹಾಕಿಸುತ್ತವೆ. ಬರುವ ವರ್ಷ ಜೂನ್‌ನಲ್ಲೇ ಇನ್ನೊಂದನ್ನು ಅಚ್ಚು ಹಾಕಿಸಿ: ಅಪಾಯದ ಚಿಹ್ನೆಗಳು, ಕುಡಿಸಬೇಕಾದದ್ದು, ಕೊಡಬಾರದ ಔಷಧಗಳು, ರಾತ್ರಿ ತೆರೆದಿರುವ ಆಸ್ಪತ್ರೆಯ ಫೋನ್ ನಂಬರು. ಸಂಘಗಳಲ್ಲಿ ಕನ್ನಡ ಬಲ್ಲ ಮಕ್ಕಳ ವೈದ್ಯರಿದ್ದಾರೆ, ಅವರಿಂದ ಪರಿಶೀಲಿಸಿಕೊಳ್ಳಿ. ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳವರೆಗೆ ಅದನ್ನು ಒಯ್ಯಿರಿ. ಹೋಟೆಲ್ ನಡೆಸುವ ಕನ್ನಡಿಗರೇ, ನಿಮ್ಮಲ್ಲಿ ದುಡಿಯುವವನ ಮಗುವಿಗೆ ಡೆಂಗಿ ಎಂದು ತಿಳಿದರೆ, ಜ್ವರ ಬಿಟ್ಟಿತೆಂದು ಅವನು ಹೇಳಿದ ದಿನವೇ ಸಂಬಳ ಹಿಡಿಯದೆ ಎರಡು ದಿನ ಮನೆಗೆ ಕಳಿಸಿ.